ನಾಲ್ಕನೆಯ ಕೂಗು

"ಇವತ್ತು ಇನ್ನೂ ನನ್ನ ಹೆಸರು ಕೂಗಲಿಲ್ಲಲ್ಲಣ್ಣ?" ಎಂದು ಓಬವ್ವ ಕೇಳಿದಾಗ ಕಾಟಪ್ಪ ಕೈಯಲ್ಲಿ ಬೀಗ ಹಿಡಿದೇ ನಿಂತುಬಿಟ್ಟ. ಕೋರ್ಟಿನ ಜವಾನನಾದ ಅವನು, ಮಹಾರಾಜರ ಕಾಲದ ಹಳೇ ಕಟ್ಟಡ ಖಾಲಿಯಾಯಿತೆಂದು ಬೀಗ ಹಾಕಲು ಮಧ್ಯಾಹ್ನ ಬಂದಿದ್ದ. ಮಾಯಕೊಂಡದಿಂದ ಬೆಳಗಿನ ರೈಲಿಗೆ ಬಂದಿದ್ದ ಮುದುಕಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೋರ್ಟು ಹೊಸ ಕಟ್ಟಡಕ್ಕೆ ಹೋಗಿದೆಯೆಂಬ ನೋಟೀಸು ಅವಳ ತಲೆಯ ಹಿಂದೆಯೇ ಅಂಟಿತ್ತು. ಅಂಟಿಸಿದವನೂ ಅವನೇ. ಅವಳಿಗೆ ಓದು ಬಾರದು.

ಹೊಸ ಕಟ್ಟಡದ ಮೊದಲ ದಿನವೆಂದು ಕಾಟಪ್ಪ ಬೆಳಿಗ್ಗೆ ಗಂಟಲು ಬಿಚ್ಚಿ ಕೂಗಿದ್ದ. ಓಬವ್ವನ ಹೆಸರನ್ನೂ ಪದ್ಧತಿಯಂತೆ ಮೂರು ಸಲ ಕೂಗಿದ್ದ. ಯಾರೂ ಓಗೊಡಲಿಲ್ಲ. ವಕೀಲರಿಲ್ಲದ ಮುದುಕಿಯ ಎಂಟು ವರ್ಷದ ಹೊಲದ ದಾವೆಯನ್ನು ಸಾಹೇಬರು ಗೈರುಹಾಜರಿಯೆಂದು ವಜಾ ಮಾಡಿ, ಮುಂದಿನ ಕಡತದ ಕಟ್ಟು ಬಿಚ್ಚಿದರು.

"ಹಿಂದ ನೀನೇ ಹೇಳಿದ್ದಲ್ಲಣ್ಣ, ಈ ಮೆಟ್ಲು ಬಿಟ್ಟು ಏಳಬ್ಯಾಡ, ನಾನು ಕೂಗಿದಾಗ ಒಳಗ ಬಾ ಅಂತ. ನೀರು ಕುಡಿಯಾಕೂ ಎದ್ದಿಲ್ಲ."

ನಡೆದದ್ದನ್ನು ಹೇಳಿಬಿಡಬೇಕೆಂದು ಕಾಟಪ್ಪ ಬಾಯಿ ತೆರೆದ. ಮೂವತ್ತು ವರ್ಷದಿಂದ ಆ ಬಾಗಿಲಲ್ಲಿ ಅವನ ಬಾಯಿಂದ ಬರುತ್ತಿದ್ದ ಕೂಗೇ ಈಗಲೂ ಬಂತು: "ಮಾಯಕೊಂಡದ ಓಬವ್ವಾ!"

"ಇದೀನ್ರಪ್ಪಾ!" ಎಂದು ಅವಳು ಗಡಬಡಿಸಿ ಎದ್ದಳು. ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು, ತಲೆ ತುಂಬ ಸೆರಗು ಹೊದ್ದು, ಬಾಗಿಲು ದೂಡಿ ಒಳಗೆ ಹೋದಳು. ಸಾಹೇಬರ ಕುರ್ಚಿ ಇದ್ದ ಕಡೆಯ ಬರಿಯ ಗೋಡೆಗೆ, ತಲೆ ಎತ್ತದೆ, ಕೈಮುಗಿದು ನಿಂತಳು.