ಮಾತಿನ ಕೋಲು

ಗಾಳಿ ದನಿ ಹೊರುವುದನ್ನು ಬಿಟ್ಟ ಮೇಲೆ ಮನೆಯವರು ಹಣೆಗೆ ಹಣೆ ತಾಗಿಸಿ ಮಾತಾಡುತ್ತಿದ್ದರು. ಹೊರಗಿನವರಾದರೆ ಹಣೆಗಳ ನಡುವೆ ಕೋಲು ಹಿಡಿಯುತ್ತಿದ್ದರು. ಒಬ್ಬೊಬ್ಬರೇ ತಲೆಯಾನಿಸಿ ಕೇಳಬೇಕಾದ ಸಿತಾರಿಗೆ ಗಿರಾಕಿಗಳೇ ಇಲ್ಲದೆ, ಅದನ್ನು ನುಡಿಸಿ ಬದುಕುತ್ತಿದ್ದ ಗುರುಸಿದ್ಧಪ್ಪ ಸೊರಗಿದ್ದ.

ಗಾಳಿ ಮೂಕವಾದ ದಿನವೇ ಹುಬ್ಬಳ್ಳಿಯ ಸಂತೆಯಲ್ಲಿ ಕಳೆದುಹೋದ ಮಗಳು ನೀಲವ್ವ ಎಷ್ಟೋ ವರ್ಷಗಳ ಮೇಲೆ ಇವತ್ತು ಮನೆ ಹುಡುಕಿಕೊಂಡು ಬಂದು, ಎದುರು ಕೂತು ಅವನಿಗೆ ಕೋಲನ್ನೇ ಚಾಚಿದಳು.

"ಅವತ್ತ ನನ್ನ ಯಾಕ ಕರೀಲಿಲ್ರಿ?"

"ಕರದೆನವ್ವಾ. ಗಂಟಲಾ ಹರಿಯೂಹಂಗ ಕರದೆ."

ಅವಳು ನಂಬಲಿಲ್ಲ. ಕಣ್ಣು ಪದೇ ಪದೇ ಬಾಗಿಲಿನ ಕಡೆಗೇ ಹೋಗುತ್ತಿತ್ತು. ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಅವನು ಗಡಬಡಿಸಿ ಸಿತಾರಿನ ಬುರುಡೆಯನ್ನು ಅವಳತ್ತ ವಾಲಿಸಿದ. ಅವಳು ಒಲ್ಲದ ಮನಸ್ಸಿನಿಂದ ಅದಕ್ಕೆ ಹಣೆ ಹಚ್ಚಿದಳು. ಆಟಕ್ಕೆ ಹೋದ ಮಗಳನ್ನು ಹಿಂದೆ ಊಟಕ್ಕೆ ಕರೆಯಲು ನುಡಿಸುತ್ತಿದ್ದ ಮೂರು ಸ್ವರಗಳನ್ನು ಅವನು ಮೀಟಿದ. ಮತ್ತೆ ಮೀಟಿದ.

ನೀಲವ್ವ ಕೋಲನ್ನು ಕೆಳಗಿಟ್ಟು ತನ್ನ ಹಣೆಯನ್ನು ಅವನ ಹಣೆಗೆ ಒತ್ತಿದಳು.

"ಬಂದೆಪ್ಪಾ."