ಸದ್ದಡಗಿಸುವ ನಳಿಗೆ

“ಕೋವಿ ಸದ್ದು ಅಡಗಿಸೋ ನಳಿಗೆಗೆ ಇನ್ಮೇಲೆ ಲೈಸೆನ್ಸ್ ಬೇಡ ಅಂತ ದಿಲ್ಲೀಲಿ ಮಸೂದೆ ತರ್ತೀನಿ,” ಎಂದು ಸಂಸದ ರುದ್ರಮುನಿ ತಾಳ್ಯ ಗ್ರಾಮದ ಕಟ್ಟೆಯ ಮೇಲೆ ನಿಂತು ಘೋಷಿಸಿದ. “ಪಾಪ, ಬೇಟೆಗಾರರ ಕಿವಿ ಹಾಳಾಗ್ತಾವೆ.”

ಕೆಳಗೆ ಕುಳಿತಿದ್ದ ಹೊನ್ನಕ್ಕ ಎದ್ದಳು. “ಹೋದ ವರ್ಷ ನಿಮ್ ಕಡೆ ಬೇಟೆಗಾರರೇ ಹಂದಿ ಅಂತ ತಿಳುದು ನನ್ ಗಂಡಗೆ ಗುಂಡು ಹೊಡದು, ಜೀಪು ಹತ್ತಿ ಓಡಿದ್ರಲ್ಲ? ಆ ಸದ್ದು ಕೇಳೇ ನಾವು ಹೊಲಕ್ಕೆ ಓಡಿದ್ದು. ಅದಕ್ಕೇ ಅವ ಉಳಕಂಡ. ಸದ್ದೇ ಆಗದಿದ್ರೆ?”

ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡದಿದ್ದ ಮಾತು ಅದು. ರುದ್ರಮುನಿ ಹಲ್ಲು ಕಿರಿದ. “ಕೂತ್ಕೋ ತಾಯಿ, ಅವನಿಗೂ ಏನಾದ್ರೂ ಪರಿಹಾರ ಮಾಡಾಣ.”

ಹೊನ್ನಕ್ಕ ಕೂರಲಿಲ್ಲ. ನೇರ ಕಟ್ಟೆ ಹತ್ತಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಅವನ ಬಿಳಿ ಪಂಚೆಯ ಮೇಲೆ ಉಗಿದಳು. ಅವಳನ್ನು ತಡೆಯಲು ಒಬ್ಬನೂ ಏಳಲಿಲ್ಲ.