ಇಲ್ಲಿ ನಾಲ್ಕು ಇಲ್ಲ

“ನಾಲ್ಕನೆಯದು ಮಾತ್ರ ಬಾಯೇ ಬಿಡ್ತಾ ಇಲ್ಲ,” ಎಂದು ರಾಲಿತ್ಸಾ ತಲೆ ಮೇಲೆ ಕೈ ಹೊತ್ತು ಕುಳಿತಳು.

ಗುಲಾಬಿ ಎಣ್ಣೆ ತೆಗೆಯುವ ಆ ಭಟ್ಟಿಯಲ್ಲಿ ಸಾಲಾಗಿ ಆರು ತಾಮ್ರದ ಹಂಡೆಗಳು. ಕಂಟ್ರೋಲರ್ ಒಂದೊಂದನ್ನೂ ನಂಬರು ಹಿಡಿದು ಕರೆಯಬೇಕು, ಅದು ತನ್ನ ಬಿಸಿ ಎಷ್ಟೆಂದು ಹೇಳಬೇಕು. ಒಂದು ಸುಮ್ಮನಿದ್ದರೂ ಉಗಿ ಬಿಡುವುದಿಲ್ಲ. ಮೊನ್ನೆ ಸಿಡಿಲು ಬಡಿದು, ಈ ಮಾತುಕತೆ ನಡೆಸುವ ಸೀರಿಯಲ್ ಮಾಡ್ಯೂಲ್ ಸುಟ್ಟುಹೋಗಿತ್ತು. ಹೊಸದನ್ನು ಹಾಕಲು ಪ್ಲೊವ್ದಿವ್ ನಗರದಿಂದ ಬಂದ ಎಂಜಿನಿಯರ್ ಈ ರಾಲಿತ್ಸಾ. ವೇಗ ಸರಿ, ತಪ್ಪು ಹಿಡಿಯುವ ಪ್ಯಾರಿಟಿ ಸರಿ, ತಂತಿಯೂ ಸರಿ. ಒಂದರಿಂದ ಆರರವರೆಗೆ ಕರೆದರೆ ಐದು ಹಂಡೆ ‘ಓ’ ಅನ್ನುತ್ತವೆ, ನಾಲ್ಕನೆಯದು ತುಟಿಪಿಟಕ್ ಅನ್ನುವುದಿಲ್ಲ.

ಹೊರಗೆ ನಸುಕಿನಲ್ಲಿ ಕಿತ್ತ ಹೂವಿನ ಮೂಟೆಗಳು ಗೋಡೆಯೆತ್ತರ ಬಿದ್ದಿದ್ದವು. ಹೊತ್ತೇರಿದಷ್ಟೂ ಹೂವಿನಲ್ಲಿ ಎಣ್ಣೆ ಆರುತ್ತದೆ. ಹತ್ತರೊಳಗೆ ಹಂಡೆಗೆ ಬೀಳದಿದ್ದರೆ ಇಡೀ ಊರು ಬೆಳಗಿನಿಂದ ಬಗ್ಗಿ ಕಿತ್ತದ್ದೆಲ್ಲ ತಿಪ್ಪೆಗೆ. ಗಂಟೆ ಆಗಲೇ ಒಂಬತ್ತೂವರೆ.

ಭಟ್ಟಿಯ ಹಳೇ ಹೆಂಗಸು ನೆಡ್ಯಾಲ್ಕಾ ಯಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಕಿಟಕಿ ಪಕ್ಕದ ಹಂಡೆಗೆ ಬಿಸಿನೀರು ಸುರಿದು ತೊಳೆಯುತ್ತಿದ್ದಳು. ಪರದೆಯ ಮೇಲೆ ಐದರ ಬಿಸಿ ಸರ್ರನೆ ಅರವತ್ತಕ್ಕೇರಿತು.

“ಚಿಕ್ಕಮ್ಮಾ, ನೀವು ನೀರು ಸುರಿದದ್ದು ನಾಲ್ಕಕ್ಕೆ. ಇಲ್ಲಿ ಐದು ಬಿಸಿಯಾಗ್ತಾ ಇದೆ!”

“ನಾನು ಸುರಿದದ್ದೂ ಐದಕ್ಕೇ ಕಣೇ.”

ರಾಲಿತ್ಸಾ ಬಾಗಿಲ ಕಡೆಯಿಂದ ಬೆರಳು ಮಡಿಚಿ ಎಣಿಸಿದಳು. “ಒಂದು, ಎರಡು, ಮೂರು, ನಾಲ್ಕು. ಪ್ಲೊವ್ದಿವ್‌ನಲ್ಲಿ ಹೀಗೇ ಎಣಿಸ್ತಾರಪ್ಪ.”

“ಪ್ಲೊವ್ದಿವ್‌ನಲ್ಲಿ ಎಣಿಸ್ಕೊಳ್ಳಲಿ. ಇಲ್ಲಿ ನಾಲ್ಕು ಇಲ್ಲ, ಮಗಳೇ.”

ನೆಡ್ಯಾಲ್ಕಾ ಕೈ ಒರೆಸಿಕೊಂಡು ಬಂದು, ಬೆಳಗಿನಿಂದ ಗೋಡೆಗೆ ಆತು ತೆರೆದೇ ಇದ್ದ ಕಂಟ್ರೋಲರ್ ಪೆಟ್ಟಿಗೆಯ ಬಾಗಿಲನ್ನು ಎಳೆದಳು. ಹೊರಮೈಗೆ ಸತ್ತವರ ನೆನಪಿಗೆ ಹಚ್ಚುವ ಒಂದು ಚೀಟಿ ಅಂಟಿಸಿತ್ತು. ದಪ್ಪ ಮೀಸೆಯ ಗಂಡಸಿನ ಫೋಟೋ, ಕೆಳಗೆ ಬರಹ: ‘ದೊಬ್ರಿ ಇಲ್ಲದ ಆರು ವರ್ಷ. ಕೃತಜ್ಞತೆಯಿಂದ, ಭಟ್ಟಿಯ ಹೆಂಗಸರು.’

“ನಾಲ್ಕನೇ ಹಂಡೆ ದೊಬ್ರಿ ಅಣ್ಣಂದು. ಉಗಿ ಪೈಪು ಸಿಡಿದ ದಿನ ನಮ್ಮ ಆರು ಜನರನ್ನೂ ಆಚೆ ನೂಕಿ, ತಾನು ಒಳಗೆ ನಿಂತು ವಾಲ್ವ್ ತಿರುಗಿಸಿದ. ಈಚೆ ಬರಲೇ ಇಲ್ಲ. ಆ ಜಾಗಕ್ಕೆ ಹೊಸ ಹಂಡೆ ಬಂದಾಗ ಅದನ್ನ ನಾಲ್ಕು ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ಅವತ್ತು ವೈರು ಎಳೆದೋನಿಗೂ ಹೇಳಿದ್ವಿ, ನಾಲ್ಕು ಬಿಟ್ಟು ಹಾಕಪ್ಪಾ ಅಂತ. ಪುಣ್ಯಾತ್ಮ, ಹಾಗೇ ಹಾಕಿದ.”

ರಾಲಿತ್ಸಾ ಒಂದು ಕ್ಷಣ ಆ ಮೀಸೆಯನ್ನೇ ನೋಡಿದಳು. ಆಮೇಲೆ ಪಟಪಟನೆ ಕೀಲಿಮಣೆ ಒತ್ತಿ ಕಿಟಕಿಯ ಹಂಡೆಯನ್ನು ಐದು ಮಾಡಿದಳು, ಅದರಾಚೆಯದನ್ನು ಆರು, ಕೊನೆಯದನ್ನು ಏಳು. ಆರೂ ಹಂಡೆ ‘ಓ’ ಅಂದವು.

“ಪಟ್ಟಿಯಲ್ಲಿ ಉಳಿದದ್ದು ಈ ನಾಲ್ಕರ ಸಾಲು. ಅಳಿಸಿಬಿಡ್ತೀನಿ ಚಿಕ್ಕಮ್ಮಾ. ಇಲ್ಲಾಂದ್ರೆ ಮಿಷನ್ ಸುಮ್ನೆ ಕರೀತಾನೇ ಇರುತ್ತೆ.”

“ಯಾರನ್ನ?”

“ನಾಲ್ಕನ್ನ. ಕರೆದು, ಚೂರು ಹೊತ್ತು ಕಾದು, ಆಮೇಲೆ ಐದಕ್ಕೆ ಹೋಗುತ್ತೆ. ಸೆಕೆಂಡಿಗೊಂದು ಸಲ.”

ನೆಡ್ಯಾಲ್ಕಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಒದ್ದೆ ಕೈ, ಇನ್ನೂ ಬೆಚ್ಚಗಿತ್ತು. “ಹಾಗೇ ಬಿಟ್ರೆ ಉಗಿಗೆ ಅಡ್ಡ ಬರುತ್ತಾ?”

“ಬರದ ಹಾಗೆ ಮಾಡಬಹುದು.”

“ಹಾಗಾದ್ರೆ ಇರಲಿ ಬಿಡೇ.”

ಉತ್ತರ ಬರದಿದ್ದರೂ ನಾಲ್ಕಕ್ಕಾಗಿ ಉಗಿ ತಡೆಯಬೇಡ ಎಂದು ರಾಲಿತ್ಸಾ ಕಂಟ್ರೋಲರ್‌ನಲ್ಲಿ ಬರೆದು ಉಳಿಸಿದಳು. ಹೂವು ಹಂಡೆಗಳಿಗೆ ಬಿತ್ತು. ಹತ್ತಕ್ಕೆ ಎರಡು ನಿಮಿಷ ಇರುವಾಗ ಉಗಿ ಸುಯ್ಯೆಂದು ಹೊರಟು ಭಟ್ಟಿಯೆಲ್ಲ ಘಮಗುಟ್ಟಿತು.

“ಥ್ಯಾಂಕ್ಸ್ ನಿಮಗೇ ಚಿಕ್ಕಮ್ಮಾ. ನನ್ನ ಮಾನ ಉಳೀತು,” ಎಂದಳು ರಾಲಿತ್ಸಾ.

ನೆಡ್ಯಾಲ್ಕಾಗೆ ಅದು ಕೇಳಿಸಲಿಲ್ಲ. ಪೆಟ್ಟಿಗೆಯ ಬಾಗಿಲು ಮುಚ್ಚಿ, ಚೀಟಿಯ ಸುರುಟಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಿದ್ದಳು.

“ಕೇಳಿಸ್ಕೊಂಡ್ಯಾ ದೊಬ್ರಿ ಅಣ್ಣಾ? ಸೆಕೆಂಡಿಗೊಂದು ಸಲ ಅಂತೆ. ನಾವು ಆರು ಜನ ಸೇರಿ ವರ್ಷಕ್ಕೊಂದು ಮೇಣದಬತ್ತಿ ಹಚ್ಚೋದರಲ್ಲೇ ಇದ್ವಿ.”